ಕೂಸು ಕೇಳಿದ ಮಾತು

ಗಾಡಿ ಮಳಖೇಡ ದಾಟುವಾಗ ಪದ್ಮಜಾಳ ಕೈಗಳು ತಾವಾಗಿಯೇ ಜೋಡಿಕೊಂಡವು. ನದಿಯ ದಂಡೆಗೆ, ಇಲ್ಲಿಂದ ಕಾಣದಷ್ಟು ದೂರದಲ್ಲಿ, ಮಾಧ್ವರ ಗುರು ಟೀಕಾಚಾರ್ಯರ ವೃಂದಾವನ. ಸೇಡಂನಿಂದ ವಾಡಿಗೆ ಹೋಗುವ ಪ್ಯಾಸೆಂಜರಿನಲ್ಲಿ ಕೂತ ಅವಳ ಮನೆತನದವರು ಯಾರೂ ಆ ದಿಕ್ಕಿಗೆ ಕೈಮುಗಿಯದೆ ಮುಂದೆ ಹೋದವರಲ್ಲ. ಅವಳಲ್ಲಿ ನಂಬಿಕೆ ಹೋಗಿ ಯಾವ ಕಾಲವಾಯಿತೋ, ಕೈಗಳಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಕೈಗೆ ಮುಟ್ಟದ ಸುದ್ದಿ ಬಾಯಿಗಾದರೂ ಮುಟ್ಟಿರುತ್ತದೆಂದು ಏನು ಖಾತ್ರಿ? ಜೋಜಮ್ಮನ ಕೂಸು ಸತ್ತ ದಿನದಿಂದ ಅವಳನ್ನು ತಿನ್ನುತ್ತಿರುವುದು ಇದೊಂದೇ. ಅವತ್ತು ಹೆರಿಗೆ ಕೋಣೆಯಲ್ಲಿ, ಉಸಿರು ಹಿಡಿಯದ ಆ ಹೆಣ್ಣುಕೂಸಿನ ತಲೆಯ ಮೇಲೆ ಅವಳು ಮೂರು ಸಲ ನೀರು ಹಾಕಿದ್ದು ಖರೆ. ಹಾಕುವಾಗ ಬಾಯಲ್ಲಿ ಏನೋ ಮೂರು ಹೆಸರು ಬಂದದ್ದೂ ಖರೆ. ಯಾವ ಮೂರು ಹೆಸರು ಎಂಬುದು ನೆನಪಿಗೆ ಬರುತ್ತಿಲ್ಲ.

ಇವತ್ತು ಭಾನುವಾರ, ಅವಳಿಗೆ ಡ್ಯೂಟಿ ಇಲ್ಲ. ಅತ್ತೆ ನರ್ಮದಾಬಾಯಿಗೆ ಡ್ಯೂಟಿ ಇದೆಯೆಂದು ಹೇಳಿ ಬಂದಿದ್ದಳು. ವಾಡಿಯ ಚರ್ಚಿನಲ್ಲಿ ಆ ಕೂಸಿನ ಹೆಸರಿಗೆ ಪೂಜೆ ಇದೆ, ಜೋಜಮ್ಮ ಫೋನು ಮಾಡಿ ಕರೆದಿದ್ದಳು. "ಅಕ್ಕಾ, ನೀವು ಬರಲೇಬೇಕ್ರಿ. ನಿಮ್ಮ ಕೈಯಿಂದ ನನ್ನ ಕೂಸು ದೇವರ ಮಗಳಾಗ್ಯದ," ಎಂದಿದ್ದಳು. ಆ ಮಾತು ಕೇಳಿ ಪದ್ಮಜಾ ಫೋನನ್ನು ಇನ್ನೊಂದು ಕಿವಿಗೆ ಹಿಡಿದಿದ್ದಳು, ಆ ಕಿವಿಗೆ ಬೇರೆ ಏನಾದರೂ ಕೇಳಿಸೀತೆಂಬಂತೆ. ಅತ್ತೆಗೆ ಚರ್ಚಿನ ಸುದ್ದಿ ತಿಳಿದರೆ ಹಿತ್ತಿಲಲ್ಲಿ ಒಂದು ಬಕೆಟ್ಟಿನ ಜಾಗದಲ್ಲಿ ಎರಡು ಬಕೆಟ್ಟು ನೀರು ಕಾಯುತ್ತಿದ್ದವು. ಸೊಸೆ ದಿನಾ ಸಂಜೆ ಆಸ್ಪತ್ರೆಯಿಂದ ಬಂದವಳು ಹಿತ್ತಿಲ ಬಾಗಿಲಿಗೆ ನಿಲ್ಲಬೇಕು. ಅತ್ತೆ ತಂಬಿಗೆ ಎತ್ತಿ, ಸೊಸೆಗೆ ತಾಗದಂತೆ, ಮೇಲಿಂದ ನೀರು ಸುರಿಯಬೇಕು. ಆಮೇಲೆಯೇ ಒಳಗೆ ಪ್ರವೇಶ. "ಹುಟ್ಟಿದ ಮೈಲಿಗಿ, ಸತ್ತ ಮೈಲಿಗಿ, ಎರಡೂ ಹೊತ್ತುಕೊಂಡು ಬರ್ತಾಳವ್ವ ನಮ್ಮಾಕಿ," ಎಂದು ಅವರು ನೆರೆಯವರ ಮುಂದೆ ಹೇಳುವುದು ದೂರಿನಂತೆಯೂ ಇರುತ್ತಿತ್ತು, ಹೆಚ್ಚುಗಾರಿಕೆಯಂತೆಯೂ ಇರುತ್ತಿತ್ತು. ಪಗಾರಕ್ಕೆ ಮಾತ್ರ ಯಾವ ಮೈಲಿಗೆಯೂ ತಟ್ಟುತ್ತಿರಲಿಲ್ಲ. ಬೆನ್ನ ಮೇಲೆ ನೀರು ಬೀಳುವಾಗ ಪದ್ಮಜಾ ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಎಷ್ಟು ವರ್ಷದಿಂದ ನಿಲ್ಲುತ್ತಿದ್ದಾಳೆ. ಬಾಯಿ ತನ್ನಷ್ಟಕ್ಕೆ ಕೇಶವಾ, ನಾರಾಯಣಾ, ಮಾಧವಾ ಎನ್ನುತ್ತದೆ. ನೀರು ಮೈಗೆ ಬಿದ್ದರೆ ಬಾಯಿ ತೆರೆದುಕೊಳ್ಳುವ ಹಾಗೆ ಯಾರೋ ಒಳಗೆ ತಂತಿ ಎಳೆದಿಟ್ಟಿದ್ದಾರೆ. ಅಪ್ಪ ಬೆಳಗ್ಗೆ ಎದ್ದು ಅಂಗೈ ಗುಳಿಯಲ್ಲಿ ಉದ್ಧರಣೆಯಿಂದ ನೀರು ಬಿಟ್ಟುಕೊಂಡು ಆಚಮನ ಮಾಡುವಾಗ ಪಕ್ಕದಲ್ಲಿ ಕೂತು ಕಲಿತದ್ದು ಅದು. ಮೂರು ಗುಟುಕು, ಮೂರು ಹೆಸರು.

ಮತ್ತೆ ಆ ಇನ್ನೊಂದು ಮೂರು. ಅದನ್ನು ಕಲಿಸಿದವರು ನರ್ಸಿಂಗ್ ಶಾಲೆಯ ಮುದುಕಿ ಕನ್ಯಾಸ್ತ್ರೀ. ಹೆಣ್ಣುಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಯಾವ ಜಾತಿ ಯಾವ ಮತ ಎಂದು ಕೇಳದೆ, ಎಲ್ಲರಿಗೂ ಕಲಿಸಿದ್ದರು. ಕಥೊಲಿಕರ ಕೂಸು ಸಾಯುವ ಹಾಗಿದ್ದು, ಪಾದ್ರಿ ಹತ್ತಿರ ಇಲ್ಲದಿದ್ದರೆ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು. ಹಿಂದೂ ಆದರೂ ಸರಿ, ಮುಸ್ಲಿಮಳಾದರೂ ಸರಿ, ದೇವರಿಲ್ಲ ಎನ್ನುವವಳಾದರೂ ಸರಿ. ನೀರು ಹಾಕಿ, ಪಿತನ, ಸುತನ ಮತ್ತು ಪವಿತ್ರಾತ್ಮರ ನಾಮದಲ್ಲಿ ನಿನಗೆ ಜ್ಞಾನಸ್ನಾನ ಕೊಡುತ್ತೇನೆ, ಅನ್ನಬೇಕು. ಹುಡುಗಿಯರು ರಬ್ಬರಿನ ಗೊಂಬೆಯ ತಲೆಗೆ ನೀರು ಹಾಕಿ ನಗುತ್ತಾ ಕಲಿತಿದ್ದರು. ಕೊಡದಿದ್ದರೆ ಏನಾಗುತ್ತದೆ ಸಿಸ್ಟರ್ ಎಂದು ಪದ್ಮಜಾ ಕೇಳಿದ್ದಳು. ಅದಕ್ಕೆ, ಹುಟ್ಟುವಾಗಲೇ ಅಂಟಿ ಬಂದ ಜನ್ಮಪಾಪ ಹಾಗೇ ಉಳಿಯುತ್ತದೆ, ಬೆಂಕಿಯೂ ಇಲ್ಲದ ದೇವರ ಮುಖವೂ ಇಲ್ಲದ ಒಂದು ಅಂಚಿನಲ್ಲಿ ಕೂಸು ಇರುತ್ತದೆ ಎಂದಿದ್ದರು ಮುದುಕಿ. ಪದ್ಮಜಾಳಿಗೆ ಆಶ್ಚರ್ಯವೇನೂ ಆಗಲಿಲ್ಲ. ಅಪ್ಪ ಮಳಖೇಡದ ಮೆಟ್ಟಿಲ ಮೇಲೆ ಕೂತು ಜೀವರಲ್ಲಿ ಮೂರು ತರ ಎಂದು ಹೇಳಿರಲಿಲ್ಲವೇ? ಮುಕ್ತಿಗೆ ಯೋಗ್ಯರು, ಎಂದೆಂದೂ ಸುತ್ತುತ್ತಲೇ ಇರುವವರು, ಎಂದೆಂದೂ ಕತ್ತಲೆಗೆ ಹೋಗುವವರು. "ನಾ ಯಾವುದ್ರಾಗ ಇದ್ದೀನಿ ಅಪ್ಪಾ?" ಎಂದು ಕೇಳಿದ ಮಗಳಿಗೆ ಅಪ್ಪ, "ಅದು ಯಾರಿಗೂ ಗೊತ್ತಾಗಂಗಿಲ್ಲವ್ವ. ಸುಮ್ಮ ಪ್ರಸಾದ ತಿನ್ನು," ಎಂದಿದ್ದ. ಅವಳು ಪ್ರಸಾದ ತಿಂದಿದ್ದಳು. ಈಗ ಚಿತ್ತಾಪುರದಲ್ಲಿ ಗಾಡಿ ನಿಂತಿತು. ಯಾರೋ ಕಡಲೆ ಮಾರುವವನು ಹತ್ತಿ ಇಳಿದ. ಕಣ್ಣೇ ಬಿಡದ ಕೂಸು. ಚರ್ಚಿನವರು ಅದಕ್ಕೆ ಜನ್ಮಪಾಪ ಎನ್ನುತ್ತಾರೆ, ಅತ್ತೆ ಕೂಸು ಸತ್ತದ್ದು ಕೇಳಿದೊಡನೆ ಪೂರ್ವಜನ್ಮದ ಕರ್ಮ ಎಂದರು. ಹೆಸರು ಏನಾದರೂ ಇರಲಿ, ಎರಡೂ ಕಡೆಯವರು ಕೂಸಿನ ತಲೆಗೇ ಕಟ್ಟಿದರು. ಯಾವುದನ್ನೂ ನಂಬದ ತನಗೆ ಇದರ ಉಸಾಬರಿ ಏಕೆ ಬೇಕು ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಅವತ್ತು ಹೆರಿಗೆ ಕೋಣೆಯಲ್ಲಿ ಇದ್ದವರು ಮೂವರೇ. ಆಸ್ಪತ್ರೆ ನಡೆಸುವ ಮದರ್ ಕಲಬುರಗಿಗೆ ಹೋಗಿದ್ದರು, ಡಾಕ್ಟರು ದಾರಿಯಲ್ಲಿದ್ದರು, ಫಾದರ್ ಶಹಾಬಾದಿನಲ್ಲಿ ಯಾರದೋ ಮದುವೆಯಲ್ಲಿದ್ದರು. ಆಯಾ ತಸ್ಲೀಮ್ ಕೂಸಿನ ಮೂಗಿಗೆ ಗಾಳಿಯ ಚೀಲ ಹಿಡಿದು ಒತ್ತುತ್ತಿದ್ದಳು. ಪದ್ಮಜಾಳ ಎರಡೂ ಕೈ ಜೋಜಮ್ಮನ ಹೊಟ್ಟೆಯ ಮೇಲಿದ್ದವು. ರಕ್ತ ನಿಲ್ಲುತ್ತಿರಲಿಲ್ಲ, ಒತ್ತುವುದನ್ನು ಬಿಡುವ ಹಾಗಿರಲಿಲ್ಲ. ಜೋಜಮ್ಮ ಒಂದೇ ಸಮನೆ ಒದರುತ್ತಿದ್ದಳು. "ನೀರು ಹಾಕ್ರಿ ಅಕ್ಕಾ, ನಿಮ್ಮ ಕಾಲು ಬೀಳ್ತೀನಿ, ಅನ್ನಮ್ಮ ಅಂತ ಹೆಸರಿಟ್ಟು ನೀರು ಹಾಕ್ರಿ." ಒದರಿದಾಗಲೆಲ್ಲ ಹೊಟ್ಟೆ ಬಿಗಿದು ಕೈ ಜಾರುತ್ತಿತ್ತು. ಮೊದಲು ಇವಳ ಬಾಯಿ ಮುಚ್ಚಬೇಕು. ಅದೇ, ಅದೊಂದೇ ಪದ್ಮಜಾಳ ತಲೆಯಲ್ಲಿ ಇದ್ದದ್ದು. ಒಂದು ಕೈ ತೆಗೆದು ಪಕ್ಕದ ಸ್ಟೀಲಿನ ಬೋಗುಣಿಯಿಂದ ಅಂಗೈಯಲ್ಲಿ ನೀರು ತುಂಬಿ ಕೂಸಿನ ನೆತ್ತಿಗೆ ಬಿಟ್ಟಳು, ಮತ್ತೊಮ್ಮೆ, ಮತ್ತೊಮ್ಮೆ. ಬಾಯಿ ಏನೋ ಅಂದಿತು. ಜೋಜಮ್ಮ ಸುಮ್ಮನಾದಳು. ಕೈ ತಿರುಗಿ ಹೊಟ್ಟೆಗೆ ಹೋಯಿತು. ಆಮೇಲೆ ರಕ್ತ ನಿಂತಿತು, ಜೋಜಮ್ಮ ಉಳಿದಳು. ತಲೆ ಎತ್ತಿ ನೋಡಿದರೆ ತಸ್ಲೀಮ್ ಚೀಲ ಒತ್ತುವುದನ್ನು ನಿಲ್ಲಿಸಿ ಕೂತಿದ್ದಳು. ಆಮೇಲೊಂದು ದಿನ ಕತ್ತರಿ ಚಿಮಟ ಕುದಿಸುವಾಗ ಪದ್ಮಜಾ ಏನೂ ಅಲ್ಲವೆಂಬಂತೆ ಅವಳನ್ನು ಕೇಳಿದ್ದಳು, ಅವತ್ತು ನಾನು ಏನಂದೆ ತಸ್ಲೀಮ್ ಎಂದು. "ನಂಗೇನ್ ತಿಳೀತದ್ರಿ ಪದ್ಮಾಬಾಯಿ ನಿಮ್ಮವರ ಮಂತ್ರ? ಮೂರು ಸಲ ನೀರು ಹಾಕಿದ್ರಿ, ಮೂರು ಹೆಸರು ಅಂದ್ರಿ. ಎಲ್ಲಾ ಅವನ್ವೇ ಹೆಸರು ಬಿಡ್ರಿ," ಎಂದು ತಸ್ಲೀಮ್ ತಟ್ಟೆ ಒರೆಸುವುದನ್ನು ಮುಂದುವರಿಸಿದ್ದಳು. ಕೂಸಿಗೆ ಆಗ ಜೀವ ಇತ್ತೇ ಎಂದು ಕೇಳಿದ್ದಕ್ಕೆ, "ತುಟಿ ಆಡಸ್ತಿತ್ತು. ಆಡಸ್ತಿತ್ತೋ, ನನ್ನ ಕೈಯೇ ನಡಗ್ತಿತ್ತೋ, ಅಲ್ಲಾಗ ಗೊತ್ತು," ಎಂದಿದ್ದಳು.

ಚರ್ಚು ವಾಡಿ ಸ್ಟೇಶನ್ನಿನಿಂದ ದೂರವಿಲ್ಲ. ಊರಿನ ಕಾರ್ಖಾನೆಯ ಸಿಮೆಂಟಿನ ಬೂದಿ ಕೂತು ಅದರ ಬಿಳಿ ಬಣ್ಣವೂ ಬೇವಿನ ಮರದ ಹಸಿರೂ ಒಂದೇ ಆಗಿದ್ದವು. ಪೂಜೆಗೆ ಇನ್ನೂ ಹೊತ್ತಿತ್ತು. ಫಾದರ್ ಹಿಲರಿ ಹಿಂದಿನ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂತು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಮಂಗಳೂರಿನ ಕಡೆಯವರು, ಇಲ್ಲಿಗೆ ಬಂದು ಕೂದಲು ಬೆಳ್ಳಗಾದರೂ ಮಾತು ಮಾತ್ರ ಪುಸ್ತಕದ್ದೇ ಉಳಿದಿತ್ತು. "ಬನ್ನಿ ಪದ್ಮಜಾ, ಕೂತುಕೊಳ್ಳಿ. ನೀವು ಬಂದದ್ದು ತುಂಬಾ ಸಂತೋಷ," ಎಂದರು. ಹೇಳಿಬಿಡಬೇಕು ಎಂದು ಅವಳು ಗಾಡಿಯಲ್ಲೆಲ್ಲ ಗಟ್ಟಿ ಮಾಡಿಕೊಂಡು ಬಂದಿದ್ದಳು. ಕುರ್ಚಿಯಲ್ಲಿ ಕೂತದ್ದೇ ಆ ಗಟ್ಟಿತನ ಕರಗಿತು.

"ಒಂದು ಮಾತು ಕೇಳಬೇಕಿತ್ರಿ ಫಾದರ್. ಯಾರರೆ ಒಬ್ಬಾಕಿ ನರ್ಸ್ ಇದ್ದಾಳ ಅಂತ ತಿಳ್ಕೊಳ್ರಿ. ಆಕಿಗೆ ದೇವರ ಮ್ಯಾಲ ನಂಬಿಕಿ ಇಲ್ಲ. ಆಕಿ ಹಾಕಿದ ನೀರು ನಡೀತದೇನ್ರಿ?"

ಕುಂಬಳಕಾಯಿ ಕಳ್ಳ ಯಾರೆಂದು ಇಲ್ಲಿ ಯಾರೂ ಕೇಳಿರಲಿಲ್ಲ, ಇವಳೇ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಫಾದರ್ ಅದನ್ನು ಕಂಡರೋ ಇಲ್ಲವೋ, ಕನ್ನಡಕ ಏರಿಸಿಕೊಂಡು ನಿಧಾನವಾಗಿ ಹೇಳಿದರು. "ನಡೆಯುತ್ತದೆ. ಕೊಡುವವರ ನಂಬಿಕೆಯ ಮೇಲೆ ಅದು ನಿಂತಿಲ್ಲ, ಪುಣ್ಯಕ್ಕೆ. ಇಲ್ಲದಿದ್ದರೆ ನನ್ನಂಥವರು ಕೊಟ್ಟದ್ದೂ ಎಷ್ಟೋ ಉಳಿಯುತ್ತಿರಲಿಲ್ಲ. ಮಗುವಿಗೆ ಜೀವ ಇರಬೇಕು. ನೀರು ಹಾಕುವವರೇ ಆ ಮಾತು ಹೇಳಬೇಕು. ಧರ್ಮಸಭೆ ಏನು ಮಾಡುತ್ತದೋ ಅದನ್ನೇ ಮಾಡುತ್ತೇನೆ ಎಂಬ ಮನಸ್ಸಿರಬೇಕು. ಅಷ್ಟು ಸಾಕು."

ಅಷ್ಟು ಸಾಕು ಎಂದರೆ ಎಷ್ಟಾಯಿತು ಎಂದು ಪದ್ಮಜಾ ಲೆಕ್ಕ ಹಾಕತೊಡಗಿದಳು. ಜೀವ, ಅದು ಗೊತ್ತಿಲ್ಲ. ಮಾತು, ಅದು ನೆನಪಿಲ್ಲ. ಮನಸ್ಸು, ಅದು ಚೆನ್ನಾಗಿ ನೆನಪಿದೆ; ಅದು ಜೋಜಮ್ಮನ ಹೊಟ್ಟೆಯ ಮೇಲಿತ್ತು. ಕೂಸಿಗೆ ನೀರು ಹಾಕಿದ್ದು ಅಳುವ ಮಗುವಿನ ಕೈಗೆ ಚಮಚ ಕೊಟ್ಟ ಹಾಗೆ, ತಾಯಿ ಸುಮ್ಮನಾಗಲೆಂದು. ಹೊಟ್ಟೆಯನ್ನು ಬಿಟ್ಟಿದ್ದರೆ ತಾಯಿ ಸಾಯುತ್ತಿದ್ದಳು, ಇದರಲ್ಲಿ ನನ್ನ ತಪ್ಪೇನು ಎಂದುಕೊಂಡಳು. ತಪ್ಪಿಲ್ಲ ಎಂದರೆ ಎದೆಯಲ್ಲಿ ಇದೇನು ಕೂತಿದೆ ಎಂದೂ ಅಂದುಕೊಂಡಳು. ಆಸ್ಪತ್ರೆಯಲ್ಲಿ ಕೈಯಿಂದ ಎಷ್ಟೋ ಜೀವ ಜಾರಿ ಹೋಗಿವೆ, ಮನೆಗೆ ಬಂದು ನೀರು ಹೊಯ್ಸಿಕೊಂಡು ಉಂಡು ಮಲಗಿದ್ದಾಳೆ. ಇಲ್ಲಿ ಜೀವ ಹೋದದ್ದಲ್ಲ ಕಾಡುವುದು. ಜೀವ ಹೋದ ಮೇಲಿನದ್ದು, ಇದೆಯೋ ಇಲ್ಲವೋ ತಾನೇ ಒಪ್ಪದ ಒಂದು ಸಂಗತಿ, ಅದನ್ನು ತಾನು ಕೆಡಿಸಿದೆನೆಂಬ ಅಂಜಿಕೆ. ಇಲ್ಲದ ಗಡಿಗೆಯನ್ನು ಒಡೆದವಳ ಪೇಚು ಯಾರ ಮುಂದೆ ಹೇಳಿಕೊಳ್ಳುವುದು?

"ಮಾತು ತಪ್ಪಿದ್ರ?" ಎಂದಳು.

"ತಪ್ಪಿದರೆ ಅದು ಜ್ಞಾನಸ್ನಾನ ಆಗಲಿಲ್ಲ ಎಂದೇ ಅರ್ಥ."

"ಹಂಗಾದ್ರ ಆ ಕೂಸು?"

"ದೇವರ ಕರುಣೆಗೆ ಒಪ್ಪಿಸುತ್ತೇವೆ. ಹಿಂದಿನವರು ಅಂಚಿನ ಲೋಕ ಎನ್ನುತ್ತಿದ್ದರು, ಅದೊಂದು ಊಹೆ. ದೇವರು ಈ ನೀರಿಗೆ ಮಾತು ಕೊಟ್ಟಿದ್ದಾನೆ, ತಪ್ಪುವುದಿಲ್ಲ. ಹಾಗೆಂದು ನೀರಿನ ಆಚೆಗೆ ಅವನ ಕೈ ಚಾಚುವುದಿಲ್ಲ ಎಂದು ನಾವು ಹೇಳುವುದಿಲ್ಲ. ರಕ್ಷಣೆಯಾಗುತ್ತದೆಂದು ಆಶೆ ಇಡಬಹುದು."

"ಆಶೆ ಇಡಬಹುದಂದ್ರ ಮತ್ತ ನೀರರೆ ಯಾಕ ಬೇಕ್ರಿ?"

ಕೇಳಿದ ಮೇಲೆ ಇದು ಹೆಚ್ಚಾಯಿತೇನೋ ಎನ್ನಿಸಿತು. ಫಾದರ್ ಕನ್ನಡಕ ತೆಗೆದು ಮತ್ತೊಮ್ಮೆ ಒರೆಸಿದರು. ಹೊರಗೆ ಯಾರೋ ಹಾರ್ಮೋನಿಯಂ ಒತ್ತಿ ಸ್ವರ ನೋಡುತ್ತಿದ್ದರು. "ಖಚಿತವಾದ ದಾರಿ ನಮಗೆ ಗೊತ್ತಿರುವುದು ಅದೊಂದೇ," ಎಂದರು ಕೊನೆಗೆ. "ಗೊತ್ತಿರುವುದನ್ನು ಮಾಡುತ್ತೇವೆ. ಗೊತ್ತಿಲ್ಲದ್ದು ಅವನಿಗೆ ಬಿಟ್ಟದ್ದು." ಅಪ್ಪ ಇದೇ ಮಾತು ಹೇಳಿ ಪ್ರಸಾದ ಕೊಟ್ಟಿದ್ದ. ಫಾದರ್ ಮುಂದಕ್ಕೆ ಬಾಗಿದರು. "ಪದ್ಮಜಾ, ಅವತ್ತು ನೀವು ಏನು ಹೇಳಿದಿರಿ?"

ಈಗ ಅಂದರೆ ಆಯಿತು. ಗೊತ್ತಿಲ್ಲ ಫಾದರ್, ಎರಡೇ ಶಬ್ದ. ಅವಳು ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿ ನೆರಳಾಯಿತು. ಜೋಜಮ್ಮ ನಿಂತಿದ್ದಳು. ತೆಳ್ಳಗೆ ಇಳಿದುಹೋಗಿದ್ದಳು, ಬಿಳಿ ಸೀರೆಯ ಸೆರಗನ್ನು ಎದೆಯ ಮೇಲೆ ಎಳೆದು ಹಿಡಿದಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. "ಫಾದರ್, ಅಕ್ಕ ಬರೋಬ್ಬರಿ ಹೇಳ್ಯಾರ್ರಿ," ಎಂದಳು. "ಪಿತನ, ಸುತನ, ಪವಿತ್ರಾತ್ಮರ, ಒಂದೂ ಬಿಡದಂಗ. ನಾ ಈ ಕಿವೀಲೆ ಕೇಳೀನಿ." ಫಾದರ್ ತಾಯಿಯ ಮುಖ ನೋಡಿದರು, ನರ್ಸಿನ ಮುಖ ನೋಡಿದರು, ತಲೆದೂಗಿ ಪೂಜೆಯ ಉಡುಪು ತೊಡಲು ಎದ್ದರು. ಪದ್ಮಜಾಳಿಗೆ ಮೈ ಹಗುರಾಯಿತು. ಆಗಿದೆ, ಸರಿಯಾಗಿಯೇ ಆಗಿದೆ, ಕೇಳಿದವಳೊಬ್ಬಳಿದ್ದಾಳೆ. ಆ ಹಗುರ ಪೂಜೆಯ ನಡುವಿನ ತನಕ ಉಳಿಯಿತು. ಉಪದೇಶದಲ್ಲಿ ಫಾದರ್ ಹಿಲರಿ, ನಮ್ಮವರಲ್ಲದ ಒಬ್ಬ ಸಹೋದರಿಯ ಕೈಯನ್ನು ದೇವರು ಬಳಸಿಕೊಂಡನು, ಅವರು ಇಲ್ಲೇ ಇದ್ದಾರೆ ಎಂದುಬಿಟ್ಟರು. ಕೂತ ಜನವೆಲ್ಲ ತಿರುಗಿ ನೋಡಿತು. ಖಣಿಯಲ್ಲಿ ಪರ್ಸಿ ಕಲ್ಲು ಕಡಿಯುವ ಜನ, ಬೂದಿ ತುಂಬಿದ ಕೂದಲಿಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದವರು, ತಮ್ಮ ಮನೆಯ ಮದುವೆಗೆ ದೊಡ್ಡವರು ಬಂದಂತೆ ನಗುತ್ತಾ ನೋಡಿದರು. ಒಬ್ಬ ಮುದುಕ ಕೈ ಮುಗಿದ. ಪದ್ಮಜಾ ಸೆರಗಿನಿಂದ ತನ್ನ ಬಲ ಅಂಗೈಯನ್ನು ಒರೆಸಿಕೊಂಡಳು, ಅದು ಒಣಗಿಯೇ ಇತ್ತು.

ಪೂಜೆ ಮುಗಿದ ಮೇಲೆ ಜೋಜಮ್ಮ ಅವಳ ಕೈ ಹಿಡಿದು ಹಳಿಗಳ ಆಚೆಗಿನ ಗೋರಿಗಳ ಕಡೆಗೆ ಕರೆದುಕೊಂಡು ಹೋದಳು. ಗಂಡ ಶೌರಪ್ಪ ಗೇಟಿನ ಹತ್ತಿರವೇ ಉಳಿದ. ಕೂಸಿನ ಗೋರಿ ಒಂದು ಮೊರದಷ್ಟು ಜಾಗ. ಅವನೇ ಕಡಿದ ಪರ್ಸಿಯ ತುಂಡು ನಿಲ್ಲಿಸಿ ಅದರ ಮೇಲೆ ಉಳಿಯಿಂದ ಶಿಲುಬೆ ಕೊರೆದಿದ್ದ, ಒಂದು ತೋಳು ಸ್ವಲ್ಪ ಉದ್ದವಾಗಿತ್ತು. ಜೋಜಮ್ಮ ಸೊಂಟದಿಂದ ಪ್ಲಾಸ್ಟಿಕ್ ಬಾಟಲಿ ತೆಗೆದಳು, ಚರ್ಚಿನಲ್ಲಿ ಮಂತ್ರಿಸಿದ ನೀರು. ಗೋರಿಗೆ ಚಿಮುಕಿಸುವುದು ಅವರ ಪದ್ಧತಿ.

"ಇದು ನೀವ ಹಾಕ್ರಿ ಅಕ್ಕಾ. ಅವತ್ತು ಏನಂದಿದ್ರಿ, ಅದನ್ನ ಅನ್ರಿ. ಹೊಟ್ಟ್ಯಾಗಿಂದ ಹೊರಗ ಬಂದ ಮ್ಯಾಲ ನನ್ನ ಕೂಸು ನಾ ಒದರಿದ್ದು ಬಿಟ್ರ ಕೇಳಿದ್ದು ಅದೊಂದೇ ಮಾತು. ಬ್ಯಾರೆ ಏನರೆ ಅಂದ್ರ ಅದಕ್ಕ ಗುರ್ತು ಸಿಗಂಗಿಲ್ಲ."

ಬಾಟಲಿ ಕೈಗೆ ಬಂತು. ಬಿಸಿಲಿಗೆ ನೀರು ಬೆಚ್ಚಗಾಗಿತ್ತು. ಪದ್ಮಜಾ ಪರ್ಸಿಯನ್ನು ನೋಡಿದಳು, ಹಳಿಯನ್ನು ನೋಡಿದಳು. "ನಾ ಏನಂದಿದ್ದೆ ಜೋಜಮ್ಮ?" ಎಂದಳು. "ನಂಗ ನೆನಪಿಲ್ಲವ್ವ. ನಿಮ್ಮ ಮಾತು ಅಂದೆನೋ, ನಮ್ಮ ಮನ್ಯಾಗಿಂದು ಅಂದೆನೋ, ಖರೇನ ನೆನಪಿಲ್ಲ. ನಿನ್ನ ರಕ್ತ ನಿಲ್ಲವಲ್ದಾಗಿತ್ತು. ನಿನ್ನ ಬಾಯಿ ಮುಚ್ಚಲಿ ಅಂತ ನೀರು ಹಾಕಿದೆ. ನೀ ಕೇಳೀಯಲ್ಲ, ನೀನ ಹೇಳು."

ಜೋಜಮ್ಮ ಪರ್ಸಿಯ ಪಕ್ಕ ಕುಕ್ಕುರುಗಾಲಲ್ಲಿ ಕೂತಳು. ಅದರ ಮೇಲಿನ ಬೂದಿಯನ್ನು ಅಂಗೈಯಿಂದ ಸವರಿದಳು. "ನಂಗ ಕೇಳಿಸೇ ಇಲ್ರಿ ಅಕ್ಕಾ. ಕಿವ್ಯಾಗ ಬರೇ ಗುಂಯ್ ಅನ್ನಾಕತ್ತಿತ್ತು. ನಿಮ್ಮ ತುಟಿ ಆಡಿದ್ದು ಕಂಡೆ, ಅಷ್ಟ."

"ಮತ್ತ ಫಾದರ್ ಮುಂದ?"

"ಸುಳ್ಳು ಹೇಳಿದೆ. ನೀವು ಇಲ್ಲ ಅಂದುಬಿಡ್ತೀರಿ ಅಂತ ಅಂಜಿಕಿ ಬಂತು." ಅವಳು ಬಗ್ಗಿಸಿದ ತಲೆ ಎತ್ತಲಿಲ್ಲ. "ಶನಿವಾರ ಹೋಗಿ ಪಾಪನಿವೇದನೆ ಮಾಡ್ಕೋತೀನಿ. ಅವರ ಕಿವ್ಯಾಗ ಹೇಳಿದ್ರ ಕ್ಷಮಾ ಆಗ್ತದ. ನಿಮ್ಮಾಗ ಇದಕ್ಕೇನು ಮಾಡ್ತೀರಿ ಅಕ್ಕಾ?"

"ನೀರು ಹೊಯ್ಕೋತೀವಿ," ಎಂದಳು ಪದ್ಮಜಾ. ಮೈಗೆ ಬಿದ್ದ ನೀರು ಹರಿದು ಹಿತ್ತಿಲ ಬಾಳೆಗಿಡಕ್ಕೆ ಹೋಗುತ್ತದೆ, ಅಷ್ಟೇ, ಎಂದು ಹೇಳಲಿಲ್ಲ. ಸಿಟ್ಟು ಬರಬೇಕಿತ್ತು, ಈ ಹೆಂಗಸಿನ ಸುಳ್ಳನ್ನು ನಂಬಿ ಅರ್ಧ ಪೂಜೆಯ ತನಕ ತಾನು ಹಗುರಾಗಿ ಕೂತಿದ್ದಳಲ್ಲ. ಸಿಟ್ಟಿನ ಬದಲು ಅಳು ಬಂತು, ಕೂಸು ಸತ್ತ ದಿನವೂ ಬಾರದ ಅಳು. ಅದು ಯಾರಿಗಾಗಿ ಎಂದು ತಿಳಿಯಲಿಲ್ಲ. ತನ್ನ ಹಾಗೆಯೇ ಏನೂ ತಿಳಿಯದವಳು ಇನ್ನೊಬ್ಬಳಿದ್ದಾಳೆ. ಇವಳು ನಂಬುತ್ತಾಳೆ, ತಾನು ನಂಬುವುದಿಲ್ಲ, ಇಬ್ಬರ ನಡುವೆ ಇರುವುದು ಒಂದು ಮೊರದಷ್ಟು ಮಣ್ಣು. ಸತ್ತವರಿಗೆ ಯಾವ ಸ್ನಾನವೂ ತಾಗುವುದಿಲ್ಲ. ಮಗುವಿಗೆ ಜೀವ ಇರಬೇಕು ಎಂದು ಫಾದರ್ ಈಗಷ್ಟೇ ಹೇಳಿದ್ದಾರೆ. ಜೋಜಮ್ಮ ಆ ಮಾತನ್ನೂ ಬಾಗಿಲಲ್ಲಿ ನಿಂತು ಕೇಳಿಯೇ ಇರಬೇಕು, ಆದರೂ ಕಾಯುತ್ತಾ ಕೂತಿದ್ದಾಳೆ.

ಪದ್ಮಜಾ ಚಪ್ಪಲಿ ಬಿಟ್ಟು ಮಣ್ಣಿಗೆ ಮೊಣಕಾಲು ಊರಿದಳು. ಅಂಗೈ ಗುಳಿ ಮಾಡಿ ನೀರು ಬಿಟ್ಟುಕೊಂಡಳು. ಅನ್ನಮ್ಮಾ ಎಂದಳು. ಪಿತನ ಎಂದು ಸುರಿದಳು, ಸುತನ ಎಂದು ಸುರಿದಳು, ಪವಿತ್ರಾತ್ಮರ ನಾಮದಲ್ಲಿ ಎಂದು ಸುರಿದಳು. ಜೋಜಮ್ಮ ಆಮೆನ್ ಎಂದಳು. ಬಾಟಲಿಯಲ್ಲಿ ಇನ್ನೂ ನೀರಿತ್ತು. ಕೂಸಿಗೆ ಗುರ್ತು ಸಿಗಬೇಕಲ್ಲ. ಕೇಶವಾ ಎಂದು ಸುರಿದಳು, ನಾರಾಯಣಾ ಎಂದು ಸುರಿದಳು, ಮಾಧವಾ ಎಂದು ಕೊನೆಯ ಹನಿಯನ್ನು ಕೊಡವಿದಳು. ಈ ಸಲ ಮಾತೆಲ್ಲ ನೆನಪಿತ್ತು, ಮನಸ್ಸು ಎಲ್ಲೂ ಹೋಗದೆ ನೀರಿನ ಮೇಲೆಯೇ ಇತ್ತು, ಕೂಸು ಮಾತ್ರ ಇರಲಿಲ್ಲ. ಜೋಜಮ್ಮ ತಲೆ ಎತ್ತಿ ಅವಳ ತುಟಿಯನ್ನು ನೋಡಿದಳು. ಆಮೇಲೆ ಅದಕ್ಕೂ ಆಮೆನ್ ಎಂದಳು.